ಸಂಚಾರಿ ಮನೆಗೆ ಬೆಂಕಿ ತಗಲದಿರಲಿ
ಜಾತ್ರೆ, ಯಾತ್ರೆಗಳಿಗೆ ಹೊರಡುವ ಕುಟುಂಬಗಳ ಗಮನಕ್ಕೆ

ಮೈಸೂರು ಸೀಮೆಯ ಮನೆಗಳಲ್ಲಿ ವರ್ಷದ ಲೆಕ್ಕವನ್ನು ಜಾತ್ರೆಗಳಿಂದ ಹಾಕುವ ವಾಡಿಕೆ ಇನ್ನೂ ಅಳಿದಿಲ್ಲ. ಪುಷ್ಯದಲ್ಲಿ ಸುತ್ತೂರು ಜಾತ್ರೆ, ಮಾಘದಲ್ಲಿ ಮುಡುಕುತೊರೆಯ ಮಲ್ಲಿಕಾರ್ಜುನನ ತೇರು, ಫಾಲ್ಗುಣದಲ್ಲಿ ನಂಜನಗೂಡಿನ ಶ್ರೀಕಂಠೇಶ್ವರನ ಪಂಚ ಮಹಾರಥೋತ್ಸವ. ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಮಲೆಯ ಮಹದೇಶ್ವರನ ಬೆಟ್ಟ. ಕಾವೇರಿ, ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಮೂರು ವರ್ಷಗಳಿಗೊಮ್ಮೆ ನಡೆಯುವಂತೆ ೧೯೮೯ರಲ್ಲಿ ಆರಂಭವಾದ ಕುಂಭಮೇಳವು ೨೦೨೫ರ ಫೆಬ್ರವರಿ ೧೦ರಿಂದ ೧೨ರವರೆಗೆ ಜರುಗಿತು. ಈ ಎಲ್ಲ ಸ್ಥಳಗಳಿಗೂ ನಮ್ಮ ಜನ ಒಬ್ಬೊಬ್ಬರಾಗಿ ಹೋಗುವುದು ಕಡಿಮೆ. ಹಿರಿಯರು, ಮಕ್ಕಳು, ಸೊಸೆಯಂದಿರು, ನೆರೆಹೊರೆಯವರು ಎಲ್ಲರೂ ಕೂಡಿ ಹೊರಟರೆ ಮಾತ್ರ ಯಾತ್ರೆ ಎನಿಸುತ್ತದೆ.

ಹಿಂದೆ ಈ ಪ್ರಯಾಣ ಕಮಾನು ಗಾಡಿಯಲ್ಲಿ ನಡೆಯುತ್ತಿತ್ತು. ಹಗಲು ವಾಹನವಾಗಿದ್ದ ಗಾಡಿಯೇ ರಾತ್ರಿ ಮನೆಯಾಗುತ್ತಿತ್ತು. ಒಳಗೆ ಮೆತ್ತಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ ಮಕ್ಕಳನ್ನು ಮಲಗಿಸುತ್ತಿದ್ದರು. ಆದರೆ ಅಡುಗೆಯ ಹೊತ್ತಿಗೆ ಎತ್ತುಗಳ ಕೊರಳು ಬಿಚ್ಚಿ, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು, ಗಾಡಿಯಿಂದ ದೂರದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದರು. ಹುಲ್ಲು ತುಂಬಿದ ಗಾಡಿಯೊಳಗೆ ಬೆಂಕಿ ಮಾಡಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಗಾಡಿಯ ಸ್ಥಾನಕ್ಕೆ ಟೆಂಪೋ ಟ್ರಾವೆಲರ್, ಮಿನಿ ಬಸ್ಸು, ವ್ಯಾನುಗಳು ಬಂದಿವೆ. ಹಿಂದಿನ ಸಾಲಿನ ಆಸನಗಳ ಬಳಿ ಅಕ್ಕಿಮೂಟೆ, ಪಾತ್ರೆಗಳು, ಗ್ಯಾಸ್ ಒಲೆ, ಸಿಲಿಂಡರು ಇವೆಲ್ಲ ಏರುತ್ತವೆ. ಹಾಸಿಗೆ, ಅಡುಗೆಕಟ್ಟೆ, ಫ್ರಿಜ್ಜು, ಶೌಚಗೃಹಗಳನ್ನೂ ಒಳಗೊಂಡ ಕ್ಯಾರವಾನ್ ಎಂಬ ಸಂಚಾರಿ ಮನೆಯನ್ನೇ ಬಾಡಿಗೆಗೆ ಪಡೆಯುವ ಕುಟುಂಬಗಳೂ ಉಂಟು. ವಾಹನ ಬದಲಾಯಿತು, ಹುಲ್ಲಿನ ಜಾಗಕ್ಕೆ ಫೋಮಿನ ಮೆತ್ತೆ ಬಂದಿತು; ಆದರೆ ಒಲೆಯನ್ನು ದೂರವಿಡುವ ಹಿರಿಯರ ವಿವೇಕ ಮಾತ್ರ ಹಿಂದೆಯೇ ಉಳಿಯಿತು. ಆ ವಿವೇಕವನ್ನು ಇಂದಿನ ವಾಹನಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿಚಾರಿಸಲಾಗಿದೆ. ಎರಡೇ ಮಾತುಗಳಲ್ಲಿ ಹೇಳುವುದಾದರೆ, ಬಾಡಿಗೆ ವಾಹನದ ಒಲೆ ಕೆಳಗಿಳಿಯಬೇಕು. ಕೆಳಗಿಳಿಯುವ ದಾರಿ ವಾಹನದಲ್ಲಿರುವ ಪ್ರತಿಯೊಬ್ಬರಿಗೂ ಮೊದಲೇ ತಿಳಿದಿರಬೇಕು.

ಮನೆಗೂ ವಾಹನಕ್ಕೂ ಇರುವ ಅಂತರ

ಊರಿನ ಮನೆಯಲ್ಲಿ ಅಡುಗೆಮನೆಗೆ ಬೆಂಕಿ ತಗಲಿದರೆ ನಡುಮನೆಗೆ ಓಡಬಹುದು, ಹಿತ್ತಿಲ ಬಾಗಿಲಿನಿಂದ ಹೊರಬರಬಹುದು. ಗೋಡೆ ಇಟ್ಟಿಗೆಯದು, ನೆಲ ಕಲ್ಲಿನದು. ಅವು ಉರಿಯಲಾರವು. ವಾಹನದಲ್ಲಿ ಅಡುಗೆಮನೆ, ಮಲಗುವ ಕೋಣೆ, ಉಗ್ರಾಣ, ಇಂಧನದ ತೊಟ್ಟಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿವೆ. ಆಸನದ ಫೋಮು, ರೆಕ್ಸಿನ್, ಪ್ಲೈವುಡ್, ಪರದೆ, ಪ್ಲಾಸ್ಟಿಕ್ಕಿನ ಒಳಹೊದಿಕೆ ಇವೆಲ್ಲವೂ ಉರಿಯುವ ವಸ್ತುಗಳೇ. ಅವು ಉರಿಯುವಾಗ ಹೊಮ್ಮುವ ಕಪ್ಪು ಹೊಗೆ ಜ್ವಾಲೆಗಿಂತ ಮೊದಲೇ ಪ್ರಾಣಕ್ಕೆ ಎರವಾಗುತ್ತದೆ. ಆ ಹೊಗೆಯಲ್ಲಿ ನಾಲ್ಕಾರು ಸಲ ಉಸಿರೆಳೆದವರಿಗೆ ಬಾಗಿಲು ಯಾವ ಕಡೆಗಿದೆ ಎಂಬುದೇ ಮರೆತುಹೋಗಬಹುದು.

ಇದರ ಮೇಲೆ, ಬಹುತೇಕ ವಾಹನಗಳಲ್ಲಿ ಪ್ರಯಾಣಿಕರಿಗೆ ನಿತ್ಯ ಬಳಕೆಯ ಬಾಗಿಲು ಒಂದೇ. ಅದರ ಎದುರಿನ ನಡುದಾರಿಯಲ್ಲಿ ಬುಟ್ಟಿ, ಚೀಲ, ನೀರಿನ ಕ್ಯಾನುಗಳನ್ನು ಇರಿಸಿರುತ್ತಾರೆ. ಹಿಂಬದಿಯ ಬಾಗಿಲು ಸಾಮಾನುಗಳಿಂದ ಮುಚ್ಚಿಹೋಗಿರುತ್ತದೆ. ವಾಹನದೊಳಗೆ ಹೊತ್ತಿದ ಬೆಂಕಿ ಒಂದೆರಡು ನಿಮಿಷಗಳಲ್ಲೇ ಒಳಭಾಗವನ್ನೆಲ್ಲ ವ್ಯಾಪಿಸಬಲ್ಲದು. ಇಪ್ಪತ್ತು ಮಂದಿ ಆ ಅವಧಿಯಲ್ಲಿ ಒಂದೇ ಬಾಗಿಲಿನಿಂದ ಇಳಿಯುವುದು ಸಾಧ್ಯವೇ ಎಂಬುದನ್ನು ಯಾತ್ರೆಗೆ ಹೊರಡುವ ಯಜಮಾನರು ಒಮ್ಮೆ ಆಲೋಚಿಸಬೇಕು.

ಮಧುರೈಯಲ್ಲಿ ನಡೆದದ್ದು

ಇದು ಕೇವಲ ಕಲ್ಪನೆಯ ಭಯವಲ್ಲ ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ನಡೆದ ಒಂದು ದುರಂತವೇ ಸಾಕ್ಷಿ. ೨೦೨೩ರ ಆಗಸ್ಟ್ ೧೭ರಂದು ಉತ್ತರ ಪ್ರದೇಶದ ಲಖನೌದಿಂದ ಯಾತ್ರಿಕರ ತಂಡವೊಂದು ಖಾಸಗಿಯಾಗಿ ಗೊತ್ತುಮಾಡಿಕೊಂಡ ರೈಲು ಬೋಗಿಯಲ್ಲಿ ದಕ್ಷಿಣದ ಕ್ಷೇತ್ರಗಳ ದರ್ಶನಕ್ಕೆ ಹೊರಟಿತು. ಬೋಗಿಯೇ ಅವರಿಗೆ ಮನೆಯಾಗಿತ್ತು. ಆಗಸ್ಟ್ ೨೬ರ ಬೆಳಗಿನ ಜಾವ ಆ ಬೋಗಿಯನ್ನು ರೈಲಿನಿಂದ ಬೇರ್ಪಡಿಸಿ ಮಧುರೈ ನಿಲ್ದಾಣದ ಬಳಿ ನಿಲ್ಲಿಸಲಾಗಿತ್ತು. ಸುಮಾರು ಐದೂಕಾಲು ಗಂಟೆಗೆ ಒಳಗೆ ಬೆಂಕಿ ಹೊತ್ತಿತು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು, ಅನೇಕರು ಗಾಯಗೊಂಡರು. ನಿಯಮಕ್ಕೆ ವಿರುದ್ಧವಾಗಿ ಒಳಗೆ ತಂದಿದ್ದ ಅಡುಗೆ ಅನಿಲದ ಸಿಲಿಂಡರಿನಿಂದ ಬೆಳಗಿನ ಪಾನೀಯ ತಯಾರಿಸುವಾಗ ಬೆಂಕಿ ಹೊತ್ತಿತೆಂದು ರೈಲ್ವೆ ಅಧಿಕಾರಿಗಳು ತಿಳಿಸಿದರು.

ಈ ಘಟನೆಯಲ್ಲಿ ಗಮನಿಸಬೇಕಾದ ಸಂಗತಿಗಳು ಹಲವು. ಬೋಗಿ ಆಗ ಚಲಿಸುತ್ತಿರಲಿಲ್ಲ, ಅದು ನಿಂತಿತ್ತು. ಸ್ಥಳ ಕಾಡಲ್ಲ, ದೊಡ್ಡ ನಗರದ ನಿಲ್ದಾಣ. ಆದರೂ ಒಂಬತ್ತು ಜೀವಗಳು ಉಳಿಯಲಿಲ್ಲ. “ವಾಹನ ನಿಂತಿದೆಯಲ್ಲ, ಒಳಗೇ ಒಂದು ಲೋಟ ಕಾಫಿ ಕಾಯಿಸಿಕೊಳ್ಳೋಣ” ಎಂಬ ಮಾತು ನಮ್ಮ ಯಾತ್ರೆಗಳಲ್ಲೂ ಬೆಳಗಿನ ಚಳಿಯಲ್ಲಿ ಕೇಳಿಬರುವ ಮಾತೇ. ನಂಜನಗೂಡಿನ ಸ್ನಾನಘಟ್ಟದ ಬಳಿ, ಸಂಗಮದ ಮರಳ ದಂಡೆಯ ಬಳಿ, ಮಕ್ಕಳು ಇನ್ನೂ ನಿದ್ದೆಯಲ್ಲಿರುವಾಗ, ಕಿಟಕಿಗಳೆಲ್ಲ ಮುಚ್ಚಿರುವಾಗ ಹಾಗೆ ಕಾಫಿ ಕಾಯಿಸುವವರಿದ್ದಾರೆ. ರೈಲಿನಲ್ಲಿ ಸಿಲಿಂಡರು, ಸೀಮೆಎಣ್ಣೆ, ಪಟಾಕಿ ಮುಂತಾದವನ್ನು ಒಯ್ಯುವುದು ೧೯೮೯ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ರಸ್ತೆಯ ಯಾತ್ರೆಯಲ್ಲಿ ತಪಾಸಣೆ ವಿರಳವಾದ ಮಾತ್ರಕ್ಕೆ ಅಪಾಯವೂ ವಿರಳವೆಂದು ತಿಳಿಯಬಾರದು.

ಅಡುಗೆ ಅನಿಲದ ಸ್ವಭಾವ

ಗೃಹಿಣಿಯರು ದಿನವೂ ಬಳಸುವ ಅಡುಗೆ ಅನಿಲದ ಸ್ವಭಾವವನ್ನು ತಿಳಿದುಕೊಂಡರೆ ಅರ್ಧ ಅಪಾಯ ತಪ್ಪುತ್ತದೆ. ಸಿಲಿಂಡರಿನೊಳಗೆ ಅದು ದ್ರವರೂಪದಲ್ಲಿರುತ್ತದೆ. ಹೊರಬಂದೊಡನೆ ಸುಮಾರು ೨೫೦ ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಆದುದರಿಂದ ಸೋರಿದ ಅನಿಲ ಮೇಲಕ್ಕೆ ಏರಿ ಕಿಟಕಿಯಿಂದ ಹೊರಹೋಗುವುದಿಲ್ಲ. ನೆಲವನ್ನು ಹಿಡಿದು ಆಸನಗಳ ಕೆಳಗೆ, ಹಾಸಿಗೆಯ ಪಕ್ಕದ ತಗ್ಗುಗಳಲ್ಲಿ ನೀರಿನಂತೆ ನಿಲ್ಲುತ್ತದೆ. ಅಲ್ಲಿ ಫ್ರಿಜ್ಜಿನ ಸ್ವಿಚ್ಚು, ಸಡಿಲವಾದ ಒಂದು ತಂತಿ, ಒಂದು ಬೆಂಕಿಕಡ್ಡಿ, ಯಾವುದರ ಕಿಡಿಯಾದರೂ ಸಾಕು.

ಗಾಳಿಯಲ್ಲಿ ಶೇಕಡಾ ಎರಡರಷ್ಟು ಅನಿಲ ಬೆರೆತರೆ ಅದು ಹೊತ್ತಿಕೊಳ್ಳುವ ಮಟ್ಟವನ್ನು ಮುಟ್ಟುತ್ತದೆ. ನಾಲ್ಕು ಮೀಟರ್ ಉದ್ದ, ಒಂದು ಮುಕ್ಕಾಲು ಮೀಟರ್ ಅಗಲ, ಅಷ್ಟೇ ಎತ್ತರವಿರುವ ವಾಹನದ ಒಳಭಾಗವು ಸುಮಾರು ೧೨ ಘನ ಮೀಟರ್ ಆಗುತ್ತದೆ. ಅಷ್ಟು ಜಾಗವನ್ನು ಆ ಮಟ್ಟಕ್ಕೆ ತರಲು ಅರ್ಧ ಕಿಲೋ ಅನಿಲ ಸಾಕು. ಮನೆಯ ಸಿಲಿಂಡರಿನಲ್ಲಿ ಇರುವುದು ೧೪.೨ ಕಿಲೋ. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ವಾಹನದೊಳಗಿನ ಸಿಲಿಂಡರು ಎಂಥ ಸಹಪ್ರಯಾಣಿಕ ಎಂಬುದು ತಿಳಿಯುತ್ತದೆ.

ಅನಿಲಕ್ಕೆ ಸಹಜವಾದ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಅದಕ್ಕೆ ಬೆರೆಸಿರುತ್ತಾರೆ. ಆದರೆ ನೆಗಡಿಯಾದವರಿಗೆ, ವಯಸ್ಸಾದವರಿಗೆ, ಊದುಬತ್ತಿಯ ಪರಿಮಳದ ನಡುವೆ ಇರುವವರಿಗೆ ಆ ವಾಸನೆ ತಡವಾಗಿ ತಿಳಿಯಬಹುದು. ಮೂಗನ್ನೊಂದೇ ನಂಬಿ ಕೂರುವಂತಿಲ್ಲ.

ಹೊರದೇಶಗಳಲ್ಲಿ ಸಂಚಾರಿ ಮನೆಗಳನ್ನು ತಯಾರಿಸುವವರು ಈ ಸ್ವಭಾವವನ್ನು ಅರಿತೇ ವ್ಯವಸ್ಥೆ ಮಾಡುತ್ತಾರೆ. ಸಿಲಿಂಡರಿಗೆ ಪ್ರತ್ಯೇಕ ಗೂಡು ಇರುತ್ತದೆ. ಆ ಗೂಡಿಗೂ ವಾಸದ ಭಾಗಕ್ಕೂ ಸಂಪರ್ಕವಿರುವುದಿಲ್ಲ. ಸೋರಿದ ಅನಿಲ ಕೆಳಕ್ಕೆ ಇಳಿದು ಹೊರಹೋಗಲು ಗೂಡಿನ ತಳದಲ್ಲಿ ರಂಧ್ರಗಳಿರುತ್ತವೆ. ನೆಲದ ಸಮೀಪದಲ್ಲಿ ಅನಿಲವನ್ನು ಪತ್ತೆಹಚ್ಚುವ ಗಂಟೆ, ಛಾವಣಿಯಲ್ಲಿ ಹೊಗೆಯನ್ನು ಪತ್ತೆಹಚ್ಚುವ ಗಂಟೆ, ತುರ್ತಾಗಿ ಹೊರಬೀಳಲು ತೆರೆಯುವ ಕಿಟಕಿ ಇರುತ್ತವೆ. ಕ್ಯಾರವಾನನ್ನು ಬಾಡಿಗೆಗೆ ಪಡೆಯುವವರು ಈ ಎಲ್ಲವೂ ಇವೆಯೇ, ಕೆಲಸ ಮಾಡುತ್ತಿವೆಯೇ ಎಂದು ಮಾಲೀಕರನ್ನು ಕೇಳಿ, ಎದುರಿಗೆ ಪರೀಕ್ಷಿಸಿ ತೋರಿಸುವಂತೆ ಹೇಳಲು ಸಂಕೋಚಪಡಬಾರದು. ಸಾಧಾರಣ ಟೆಂಪೋ, ವ್ಯಾನುಗಳಲ್ಲಿ ಇವು ಯಾವುವೂ ಇರುವುದಿಲ್ಲವಾದ್ದರಿಂದ ಅವುಗಳೊಳಗೆ ಒಲೆ ಹಚ್ಚುವ ಮಾತೇ ಸಲ್ಲದು.

ಮೊದಲು ಕೇಳಬೇಕಾದ ಪ್ರಶ್ನೆ

ಒಲೆಯ ವಿಚಾರಕ್ಕೆ ಮುನ್ನ, ಈ ಯಾತ್ರೆಗೆ ಒಲೆ ಬೇಕೇ ಎಂದು ಕೇಳಿಕೊಳ್ಳುವುದು ಒಳಿತು. ಮೈಸೂರಿನಿಂದ ನಂಜನಗೂಡು ಇಪ್ಪತ್ತೈದು ಕಿಲೋಮೀಟರಿನೊಳಗೆ. ನರಸೀಪುರ ಮೂವತ್ತರ ಆಸುಪಾಸಿನಲ್ಲಿ. ಸುತ್ತೂರು ಜಾತ್ರೆಯಲ್ಲಿ ಬಂದವರಿಗೆಲ್ಲ ದಾಸೋಹ ನಡೆಯುತ್ತದೆ. ನಂಜನಗೂಡಿನ ದೇವಾಲಯದಲ್ಲೂ ಮಹದೇಶ್ವರ ಬೆಟ್ಟದಲ್ಲೂ ಅನ್ನದಾಸೋಹವಿದೆ. ದಾಸೋಹವನ್ನು ಬಾಳಿನ ತತ್ತ್ವವಾಗಿ ಸ್ವೀಕರಿಸಿದ ಸಮಾಜ ನಮ್ಮದು. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದರಲ್ಲಿ ಯಾರಿಗೂ ಕೊರತೆಯಿಲ್ಲ. ಮನೆಯಿಂದ ಒಯ್ಯುವ ಬುತ್ತಿಯೂ ಉಂಟು. ಕಟಕ ರೊಟ್ಟಿ, ಚಟ್ನಿಪುಡಿ, ಪುಳಿಯೋಗರೆ, ಹುರಿಗಾಳು, ತಂಬಿಟ್ಟು ಎರಡು ದಿನ ಕೆಡದೆ ಉಳಿಯುತ್ತವೆ. ಹಾಲುಣ್ಣುವ ಮಗುವಿಗೆ, ಔಷಧಿಯ ಹಿರಿಯರಿಗೆ ಬೇಕಾದ ಬಿಸಿನೀರು ಫ್ಲಾಸ್ಕಿನಲ್ಲಿ ಹೋಗಬಹುದು.

ಇಷ್ಟಾದ ಮೇಲೂ ಅಡುಗೆ ಅನಿವಾರ್ಯವೆಂದಾದರೆ ಈ ಮುಂದಿನ ಕ್ರಮಗಳನ್ನು ಪಾಲಿಸಬೇಕು.

೧. ಒಲೆಯನ್ನು ವಾಹನದಿಂದ ಕೆಳಗಿಳಿಸಿ, ಹತ್ತು ಹೆಜ್ಜೆಗಿಂತ ಹೆಚ್ಚು ದೂರದಲ್ಲಿ, ಗಾಳಿಯು ಕಿಡಿಯನ್ನು ವಾಹನದ ಕಡೆಗೆ ಒಯ್ಯದ ದಿಕ್ಕಿನಲ್ಲಿ ಹೂಡಬೇಕು. ಒಣಹುಲ್ಲು, ತರಗೆಲೆ, ಕಬ್ಬಿನ ಸೋಗೆ ಇರುವ ಕಡೆ ಹೂಡಬಾರದು.

೨. ಮನೆಯ ಸಂಪರ್ಕಕ್ಕೆ ಕೊಟ್ಟ ಸಿಲಿಂಡರು ಆ ಮನೆಯ ಅಡುಗೆಗೆ ಮಾತ್ರ ಮೀಸಲು. ಅದನ್ನು ಪ್ರಯಾಣಿಕರ ನಡುವೆ ಇರಿಸಿ ಒಯ್ಯಬಾರದು. ಹೆಚ್ಚು ಮಂದಿಯ ಯಾತ್ರೆಯಾದರೆ ಅಡುಗೆ ಸಾಮಾನು ಹೋಗಲು ಜನರಿಲ್ಲದ ಬೇರೊಂದು ತೆರೆದ ವಾಹನವನ್ನು ಗೊತ್ತುಮಾಡಿ, ನಿಯಮದಂತೆ ಪಡೆದ ಸಿಲಿಂಡರನ್ನು ಅದರಲ್ಲಿ ಸಾಗಿಸಬೇಕು.

೩. ಸಿಲಿಂಡರು ಸದಾ ನೆಟ್ಟಗೆ ನಿಂತಿರಬೇಕು. ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಜ್ವಾಲೆ ಭುಗಿಲೇಳುತ್ತದೆ. ಸಾಗಿಸುವಾಗ ರೆಗ್ಯುಲೇಟರನ್ನು ಕಳಚಿ ರಕ್ಷಣೆಯ ಮುಚ್ಚಳ ಹಾಕಬೇಕು.

೪. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಆಂಗ್ಲ ಅಕ್ಷರಗಳಲ್ಲಿ ಒಂದನ್ನೂ ವರ್ಷವನ್ನೂ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ಅವಧಿಯೊಳಗೆ ಸಿಲಿಂಡರನ್ನು ಪುನಃ ಪರೀಕ್ಷೆಗೆ ಒಳಪಡಿಸಬೇಕೆಂದು ಅದರ ಅರ್ಥ. ಅವಧಿ ಮೀರಿದ್ದನ್ನು ಸ್ವೀಕರಿಸಬಾರದು.

೫. ರಬ್ಬರು ಕೊಳವೆಯ ಆಯುಷ್ಯ ಐದು ವರ್ಷ. ಬಿರುಕು ಬಿಟ್ಟಿದ್ದರೆ ಅಷ್ಟು ಕಾಲವೂ ಕಾಯುವಂತಿಲ್ಲ. ಸೋರಿಕೆಯನ್ನು ಸಾಬೂನಿನ ನೀರು ಸವರಿ ನೋಡಬೇಕು; ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವ ಅವಿವೇಕ ಎಂದಿಗೂ ಸಲ್ಲದು.

೬. ಒಲೆಯ ಬಳಿ ಇರುವವರು ಹತ್ತಿಯ ಬಟ್ಟೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ನೈಲಾನು, ಪಾಲಿಯೆಸ್ಟರ್ ಬಟ್ಟೆ ಉರಿದು ಕರಗಿ ಚರ್ಮಕ್ಕೆ ಅಂಟುತ್ತದೆ. ಮಕ್ಕಳು ಒಲೆಯ ಸುತ್ತ ಆಡದಂತೆ ಒಬ್ಬರು ನೋಡಿಕೊಳ್ಳಬೇಕು.

ನಂಜನಗೂಡಿನಿಂದ ಗುಂಡ್ಲುಪೇಟೆಯ ಕಡೆಗೆ ಸಾಗಿ ಬಂಡೀಪುರದ ಕಾಡನ್ನು ಹಾಯುವವರು, ಮಹದೇಶ್ವರ ಬೆಟ್ಟದ ಕಾಡುದಾರಿಯಲ್ಲಿ ಹೋಗುವವರು ದಾರಿಯಲ್ಲಿ ಒಲೆ ಹೂಡಲೇಬಾರದು. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಕಾಳ್ಗಿಚ್ಚು ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕಾನೂನಿನ ದೃಷ್ಟಿಯಿಂದಲೂ ಅಪರಾಧ. ನಮ್ಮ ಜಾತ್ರೆಗಳ ಕಾಲವೇ ಕಾಡು ಒಣಗಿರುವ ಕಾಲ ಎಂಬುದನ್ನು ಮರೆಯಬಾರದು.

ದೀಪ, ಕರ್ಪೂರ ಮತ್ತು ಪೂಜೆ

ನಮ್ಮ ಕುಟುಂಬಗಳಲ್ಲಿ ಬೆಳಗ್ಗೆ ಪೂಜೆಯಾಗದೆ ಆಹಾರ ಸ್ವೀಕರಿಸದ ಹಿರಿಯರಿದ್ದಾರೆ. ಯಾತ್ರೆಯ ದಿನಗಳಲ್ಲಿ ಅವರು ಆಸನದ ಮೇಲೆಯೇ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳುವುದುಂಟು. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಪರದೆಯ ಪಕ್ಕದಲ್ಲಿ ದೀಪ ಹಚ್ಚುವುದು, ಊದುಬತ್ತಿಯನ್ನು ಆಸನದ ಸಂದಿಗೆ ಸಿಕ್ಕಿಸುವುದು, ತಟ್ಟೆಯಲ್ಲಿ ಕರ್ಪೂರ ಉರಿಸಿ ಎಲ್ಲರಿಗೂ ಹಿಡಿಯುವುದು ವಾಹನದೊಳಗೆ ಸಲ್ಲದು. ಕರ್ಪೂರದ ಜ್ವಾಲೆ ಸಣ್ಣ ಅಲುಗಾಟಕ್ಕೂ ಕೆಳಗೆ ಉರುಳುತ್ತದೆ. ವಾಹನದ ಮುಂಭಾಗದಲ್ಲಿ ಚಾಲಕರು ಹಚ್ಚುವ ಊದುಬತ್ತಿಯ ಕಿಡಿ ಒಣಗಿದ ಹೂಮಾಲೆಗೂ ತಗಲಬಹುದು.

ವಿಭೂತಿ, ಪತ್ರೆ, ಹೂವು, ನೀರು ಇವುಗಳಿಂದ ಪೂಜೆ ಒಳಗೆ ನಡೆಯಲಿ. ಜ್ಯೋತಿ ಬೆಳಗುವುದಿದ್ದರೆ ಕಪಿಲೆಯ ದಂಡೆಯಲ್ಲಿ, ಸಂಗಮದ ಮೆಟ್ಟಿಲಲ್ಲಿ, ಗುಡಿಯ ಅಂಗಳದಲ್ಲಿ ಬೆಳಗಲಿ. ಕಿರಿಯರು ಈ ಮಾತನ್ನು ಹಿರಿಯರಿಗೆ ಹೇಳುವಾಗ ವಿನಯದಿಂದ ಹೇಳಬೇಕು. ಕಾರಣವನ್ನು ತಿಳಿಸಿದರೆ ಹಿರಿಯರು ಖಂಡಿತವಾಗಿ ಒಪ್ಪುತ್ತಾರೆ.

ಕಾಣದ ಬೆಂಕಿ: ತಂತಿ, ಬ್ಯಾಟರಿ, ಜನರೇಟರು

ವಾಹನದ ಬೆಂಕಿಗೆ ಒಲೆಯೊಂದೇ ಕಾರಣವಲ್ಲ. ಹೆಚ್ಚಿನ ದೀಪ, ಧ್ವನಿವರ್ಧಕ, ಟಿ.ವಿ.ಗಳಿಗಾಗಿ ಮೂಲ ತಂತಿಗೆ ಅಲ್ಲಲ್ಲಿ ಹೊಸ ತಂತಿ ಕೂಡಿಸಿರುತ್ತಾರೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅದರ ಬದಲು ದಪ್ಪ ತಂತಿಯನ್ನೇ ಸಿಕ್ಕಿಸುವವರಿದ್ದಾರೆ. ಫ್ಯೂಸ್ ಹೋಗುವುದು ಎಚ್ಚರಿಕೆಯ ಮಾತು. ಅದರ ಬಾಯಿ ಕಟ್ಟಿದರೆ ತಂತಿಯೇ ಕಾದು ಉರಿಯುತ್ತದೆ. ಸುಟ್ಟ ರಬ್ಬರಿನ ವಾಸನೆ ಬಂದಾಗ “ಹೊರಗಿನದಿರಬಹುದು” ಎಂದು ಸುಮ್ಮನಾಗದೆ ವಾಹನವನ್ನು ನಿಲ್ಲಿಸಿ ನೋಡಿಸಬೇಕು.

ಇಳಿಜಾರಿನಲ್ಲಿ ಮತ್ತೊಂದು ಅಪಾಯವಿದೆ. ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಇಳಿಯುವಾಗ ಚಾಲಕನು ಬ್ರೇಕನ್ನೇ ನಂಬಿದರೆ ಚಕ್ರದ ಬಳಿ ವಿಪರೀತ ಶಾಖ ಹುಟ್ಟುತ್ತದೆ. ಅದು ಟೈರಿಗೆ ಬೆಂಕಿ ಹೊತ್ತಿಸಬಲ್ಲದು. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯುವಂತೆ, ನಡುವೆ ನಿಂತು ಚಕ್ರಗಳನ್ನು ಗಮನಿಸುವಂತೆ ಚಾಲಕನಿಗೆ ಬಿಡುವು ಕೊಡಬೇಕು. “ಬೇಗ ಹೋಗಪ್ಪ” ಎಂದು ಅವಸರಪಡಿಸುವುದು ಯಾರಿಗೂ ಒಳಿತಲ್ಲ.

ಜನರೇಟರಿನ ವಿಷಯದಲ್ಲಿ ನೆರೆಯ ಕೇರಳದ ಒಂದು ಘಟನೆ ಕಣ್ಣು ತೆರೆಸುವಂಥದ್ದು. ೨೦೨೪ರ ಡಿಸೆಂಬರ್‌ನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ವಡಗರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ಜ್ವಾಲೆ ಎದ್ದಿರಲಿಲ್ಲ, ವಾಹನ ಸುಟ್ಟಿರಲಿಲ್ಲ. ಹವಾನಿಯಂತ್ರಣಕ್ಕಾಗಿ ನಡೆಯುತ್ತಿದ್ದ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಒಳಗೆ ಸೇರಿದ್ದೇ ಸಾವಿಗೆ ಕಾರಣವೆಂದು ತಜ್ಞರ ಪರೀಕ್ಷೆಯಿಂದ ತಿಳಿದುಬಂದಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರು ಏಳುವುದೇ ಇಲ್ಲ. ಮಾಘದ ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿ, ವಾಹನದೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದೂ ಇದೇ ಬಗೆಯ ಅಪಾಯ. ಜನರೇಟರು ವಾಹನದಿಂದ ದೂರದಲ್ಲಿ ಇರಬೇಕು. ಜನರು ಒಳಗೆ ಮಲಗುವ ಹೊತ್ತಿಗೆ ಅದು ನಿಂತಿರಬೇಕು. ಬಿಸಿಯಾಗಿರುವಾಗ ಅದಕ್ಕೆ ಪೆಟ್ರೋಲು ಸುರಿಯಬಾರದು.

ಇಳಿಯುವ ದಾರಿ

ಎಷ್ಟು ಎಚ್ಚರವಿದ್ದರೂ ಅಪಘಾತದಿಂದ ಬೆಂಕಿ ಹುಟ್ಟಬಹುದು. ೨೦೧೩ರ ಅಕ್ಟೋಬರ್ ೩೦ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಎಂಬಲ್ಲಿ ಮೋರಿಗೆ ಬಡಿದು ಹೊತ್ತಿ ಉರಿದು ೪೫ ಮಂದಿ ಮಡಿದರು. ಹದಿನೈದು ದಿನಗಳ ಬಳಿಕ, ನವೆಂಬರ್ ೧೪ರಂದು, ನಮ್ಮ ಹಾವೇರಿಯ ಬಳಿ ಮುಂಬಯಿಗೆ ಹೊರಟಿದ್ದ ಬಸ್ಸು ಉರಿದು ಏಳು ಮಂದಿ ಸತ್ತರು. ೨೦೨೫ರ ಅಕ್ಟೋಬರ್ ೨೪ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಬೆಂಕಿಗೆ ಆಹುತಿಯಾಯಿತು. ಮೂರೂ ರಾತ್ರಿ ಪ್ರಯಾಣಗಳು. ನಿದ್ದೆಯಿಂದ ಎಚ್ಚೆತ್ತವರಿಗೆ ದಾರಿ ತಿಳಿಯದೆ ಹೋಯಿತು. ಕರ್ನೂಲಿನಲ್ಲಿ ಕಿಟಕಿಯ ಗಾಜು ಒಡೆದು ಹೊರಗೆ ಹಾರಿದವರು ಬದುಕಿ ಉಳಿದರು.

ದೂರ ಸಂಚಾರದ ಬಸ್ಸುಗಳಲ್ಲಿಯೂ ಶಾಲಾ ಬಸ್ಸುಗಳಲ್ಲಿಯೂ ಪ್ರಯಾಣಿಕರು ಕೂರುವ ಭಾಗದಲ್ಲಿ ಬೆಂಕಿಯ ಮುನ್ನೆಚ್ಚರಿಕೆಯ ವ್ಯವಸ್ಥೆ ಇರಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯವು ೨೦೨೨ರ ಜನವರಿಯಲ್ಲಿ ನಿಯಮ ಪ್ರಕಟಿಸಿತು. ನಾವು ಬಾಡಿಗೆಗೆ ಪಡೆಯುವ ಹಳೆಯ ವಾಹನಗಳಲ್ಲಿ ಅಂಥ ವ್ಯವಸ್ಥೆಯನ್ನು ನಿರೀಕ್ಷಿಸಲಾಗದು. ಆದುದರಿಂದ ನಮ್ಮ ಸಿದ್ಧತೆಯನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಹೊರಡುವ ಮುನ್ನ ಹತ್ತು ನಿಮಿಷ ಸಾಕು.

ವಾಹನ ಮನೆಯ ಮುಂದೆ ಬಂದು ನಿಂತಾಗ ಮೊದಲು ಸಾಮಾನು ಏರಿಸಬಾರದು; ಮೊದಲು ಮನೆಮಂದಿ ಏರಬೇಕು. ಬಾಗಿಲು ಒಳಗಿನಿಂದ ಹೇಗೆ ತೆರೆಯುತ್ತದೆ, ತುರ್ತು ಕಿಟಕಿ ಯಾವುದು, ಹಿಂಬಾಗಿಲು ಒಳಗಿನಿಂದ ತೆರೆಯುವುದೇ ಎಂಬುದನ್ನು ಚಾಲಕನು ಎಲ್ಲರಿಗೂ ತೋರಿಸಬೇಕು. ಹತ್ತು ವರ್ಷದ ಹುಡುಗನೂ ಎಪ್ಪತ್ತರ ಅಜ್ಜಿಯೂ ಒಮ್ಮೆ ತಮ್ಮ ಕೈಯಿಂದಲೇ ತೆರೆದು ನೋಡಬೇಕು. ಗಾಜು ಒಡೆಯುವ ಸುತ್ತಿಗೆ ಕಿಟಕಿಯ ಬಳಿ ತೂಗಿರಬೇಕು. ಗಾಜಿನ ನಡುವಿಗೆ ಹೊಡೆಯದೆ ಮೂಲೆಗೆ ಹೊಡೆದರೆ ಬೇಗ ಒಡೆಯುತ್ತದೆ. ನಡುದಾರಿಯಲ್ಲಿ ಒಂದು ಚೀಲವೂ ಇರಕೂಡದು. ರಾತ್ರಿ ವಾಹನದಲ್ಲಿ ಮಲಗುವುದಾದರೆ ಒಂದು ಟಾರ್ಚು ನಿಶ್ಚಿತ ಸ್ಥಳದಲ್ಲಿರಬೇಕು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಯಾರೂ ಸ್ನಾನಕ್ಕೆ ಹೋಗಬಾರದು. ಕೈಲಾಗದ ಹಿರಿಯರಿಗೂ ಪುಟ್ಟ ಮಕ್ಕಳಿಗೂ ಬಾಗಿಲಿನ ಸಮೀಪದ ಆಸನ ಕೊಡಬೇಕು. ಯಾರನ್ನು ಯಾರು ಕೆಳಗಿಳಿಸಬೇಕೆಂಬುದನ್ನು ಹೆಸರು ಹಿಡಿದು ಮೊದಲೇ ಹಂಚಬೇಕು.

ಬೆಂಕಿ ಆರಿಸುವ ಒಣಪುಡಿಯ ಉಪಕರಣ ವಾಹನದಲ್ಲಿ ಇದೆಯೇ ಎಂದು ನೋಡಬೇಕು. ಅದರ ಮೇಲಿನ ಮಾಪಕದ ಮುಳ್ಳು ಹಸಿರು ಭಾಗದಲ್ಲಿರಬೇಕು. ಆಸನದ ಕೆಳಗೆ, ಮೂಟೆಗಳ ಹಿಂದೆ ಸಿಕ್ಕಿಕೊಂಡಿದ್ದರೆ ಅದು ಇದ್ದೂ ಇಲ್ಲದಂತೆಯೇ. ಕೀಲನ್ನು ಎಳೆದು, ಜ್ವಾಲೆಯ ತುದಿಗೆ ಅಲ್ಲದೆ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನು ಒತ್ತಿ, ಎಡಬಲಕ್ಕೆ ಆಡಿಸಬೇಕು. ಸಣ್ಣ ಉಪಕರಣ ಕೆಲವು ಕ್ಷಣಗಳಲ್ಲೇ ಬರಿದಾಗುತ್ತದೆ. ಆದುದರಿಂದ ಅದು ಈಗತಾನೆ ಹುಟ್ಟಿದ ಬೆಂಕಿಗೆ ಮಾತ್ರ ಮದ್ದು.

ಬೆಂಕಿ ಕಂಡಾಗ

ಬೆಂಕಿ ಕಂಡ ಕ್ಷಣದಲ್ಲಿ ಮೊದಲ ಕೆಲಸ ಕೂಗಿ ಎಲ್ಲರನ್ನೂ ಎಬ್ಬಿಸುವುದು; ಎರಡನೆಯದು ಇಳಿಸುವುದು. ಆರಿಸುವ ಪ್ರಯತ್ನ ಅನಂತರದ ಮಾತು. ಚಾಲಕನು ವಾಹನವನ್ನು ನಿಲ್ಲಿಸಿ ಇಂಜಿನ್ನನ್ನು ಆರಿಸಬೇಕು. ಹೊಗೆ ತುಂಬಿದ್ದರೆ ಒದ್ದೆ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ ನೆಲದ ಸಮೀಪದಲ್ಲಿ ಸಾಗಬೇಕು. ಇಳಿದವರು ಬಾಗಿಲ ಬಳಿ ನಿಲ್ಲದೆ ದೂರದಲ್ಲಿ, ಮೊದಲೇ ಗೊತ್ತುಮಾಡಿದ ಒಂದು ಕಡೆ ಸೇರಿ ತಲೆ ಎಣಿಸಬೇಕು. ಒಡವೆಯ ಪೆಟ್ಟಿಗೆಗಾಗಲಿ, ಮೊಬೈಲಿಗಾಗಲಿ, ಪೂಜೆಯ ಸಾಮಾನಿಗಾಗಲಿ ಯಾರೂ ಪುನಃ ಒಳಗೆ ಹೋಗಕೂಡದು.

ಅನಿಲದ ವಾಸನೆ ಬಂದಾಗ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಬಾಗಿಲು ಕಿಟಕಿ ತೆರೆದು, ಎಲ್ಲರೂ ಇಳಿದು, ದೂರ ಹೋದ ಮೇಲೆಯೇ ದೂರವಾಣಿ ಬಳಸಬೇಕು. ಬಾಣಲೆಯ ಎಣ್ಣೆ ಹೊತ್ತಿದರೆ ನೀರು ಸುರಿಯಬಾರದು. ಮುಚ್ಚಳ ಮುಚ್ಚಿ ಒಲೆ ಆರಿಸಬೇಕು. ವಿದ್ಯುತ್ತಿನ ಬೆಂಕಿಗೂ ನೀರು ಸಲ್ಲದು. ಉಟ್ಟ ಬಟ್ಟೆಗೆ ಬೆಂಕಿ ತಗಲಿದವರು ಓಡಿದರೆ ಜ್ವಾಲೆ ಹೆಚ್ಚುತ್ತದೆ. ಅಲ್ಲೇ ನೆಲಕ್ಕೆ ಬಿದ್ದು ಹೊರಳಬೇಕು. ಬಳಿಯಲ್ಲಿದ್ದವರು ದಪ್ಪ ಕಂಬಳಿ ಹೊದಿಸಬೇಕು.

ಸುಟ್ಟ ಗಾಯವನ್ನು ಇಪ್ಪತ್ತು ನಿಮಿಷ ತಣ್ಣೀರಿನ ಧಾರೆಗೆ ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯ ಪ್ರಥಮ ಚಿಕಿತ್ಸೆ. ತುಪ್ಪ, ಅರಿಸಿನ, ಶಾಯಿ, ಹಲ್ಲುಜ್ಜುವ ಪೇಸ್ಟು, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು. ಭಕ್ತಿಯಿಂದಲೇ ಆದರೂ ವಿಭೂತಿಯನ್ನು ಹಸಿಗಾಯಕ್ಕೆ ಲೇಪಿಸಬಾರದು. ಉಂಗುರ, ಬಳೆಗಳನ್ನು ಊತ ಬರುವ ಮುನ್ನವೇ ತೆಗೆಯಬೇಕು. ಅಂಟಿದ ಬಟ್ಟೆಯನ್ನು ಕೀಳದೆ, ಶುದ್ಧವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು.

ಅಗ್ನಿಶಾಮಕ ಸೇವೆಗೆ ೧೦೧, ಎಲ್ಲ ಬಗೆಯ ತುರ್ತು ನೆರವಿಗೆ ೧೧೨, ಆಂಬ್ಯುಲೆನ್ಸಿಗೆ ೧೦೮, ಅನಿಲ ಸೋರಿಕೆಗೆ ೧೯೦೬. ಈ ನಾಲ್ಕು ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ವಾಹನದೊಳಗೆ ಅಂಟಿಸಬೇಕು. ಕರೆ ಮಾಡುವವರು ತಾವಿರುವ ಸ್ಥಳವನ್ನು ಖಚಿತವಾಗಿ ಹೇಳಬೇಕು. “ಜಾತ್ರೆಯಲ್ಲಿದ್ದೇವೆ” ಎಂದರೆ ಸಾಲದು. ಯಾವ ಘಟ್ಟ, ಯಾವ ಸೇತುವೆ, ಯಾವ ನಿಲುಗಡೆ ಮೈದಾನ ಎಂದು ತಿಳಿಸಬೇಕು.

ಜಾತ್ರೆಯ ಮೈದಾನದಲ್ಲಿ ವಾಹನಗಳು ಒಂದಕ್ಕೊಂದು ತಾಗುವಂತೆ ನಿಂತಿದ್ದರೆ ಒಂದರ ಬೆಂಕಿ ಹತ್ತಕ್ಕೆ ಹರಡುತ್ತದೆ. ಅಗ್ನಿಶಾಮಕ ವಾಹನ ಒಳಗೆ ಬರಲಾರದು. ಆದುದರಿಂದ ನಿಲ್ಲಿಸುವಾಗ ಪಕ್ಕದ ವಾಹನದಿಂದ ಬಾಗಿಲು ಪೂರ್ತಿ ತೆರೆಯುವಷ್ಟು ಅಂತರ ಬಿಟ್ಟು, ಮುಖವನ್ನು ಹೊರದಾರಿಯ ಕಡೆಗೆ ಮಾಡಿ ನಿಲ್ಲಿಸುವಂತೆ ಚಾಲಕನಿಗೆ ಹೇಳಬೇಕು. ಪಕ್ಕದ ವಾಹನದವರು ಒಳಗೆ ಒಲೆ ಹಚ್ಚುತ್ತಿದ್ದರೆ ಸೌಜನ್ಯದಿಂದ ತಿಳಿಹೇಳುವುದೂ ನಮ್ಮ ಕರ್ತವ್ಯವೇ. ಅವರ ಮಕ್ಕಳೂ ನಮ್ಮ ಮಕ್ಕಳಷ್ಟೇ ಅಮೂಲ್ಯರು.

ಈ ಎಲ್ಲ ಎಚ್ಚರಿಕೆಗಳಿಗೆ ತಗಲುವ ಖರ್ಚು ಅತ್ಯಲ್ಪ. ಒಂದು ಸುತ್ತಿಗೆ, ಒಂದು ಟಾರ್ಚು, ಒಂದು ಒಣಪುಡಿಯ ಉಪಕರಣ, ಹೊರಡುವ ಮುನ್ನ ಹತ್ತು ನಿಮಿಷಗಳ ತಾಳ್ಮೆ. ಯುವಕ ಸಂಘಗಳೂ ಅಕ್ಕನ ಬಳಗಗಳೂ ಪ್ರತಿ ಜಾತ್ರೆಗೆ ಮುನ್ನ ತಮ್ಮ ಊರಿನಲ್ಲಿ ಸಮೀಪದ ಅಗ್ನಿಶಾಮಕ ಠಾಣೆಯವರನ್ನು ಆಹ್ವಾನಿಸಿ ಒಂದು ಸಂಜೆ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಉಪಕರಣವನ್ನು ಒಮ್ಮೆ ಕೈಯಲ್ಲಿ ಹಿಡಿದು ಬಳಸಿದವರಿಗೆ ಆಪತ್ತಿನಲ್ಲಿ ಕೈ ನಡುಗುವುದಿಲ್ಲ. ಮುಂದಿನ ಜಾತ್ರೆಗೆ ವಾಹನ ಗೊತ್ತುಮಾಡುವ ದಿನವೇ ಬಾಡಿಗೆಯ ಮಾತಿನೊಡನೆ ಬಾಗಿಲು, ಕಿಟಕಿ, ಉಪಕರಣಗಳ ಮಾತನ್ನೂ ಆಡಿರಿ. ಹೋದವರೆಲ್ಲ ಪ್ರಸಾದದೊಡನೆ ಕ್ಷೇಮವಾಗಿ ಮನೆಗೆ ಮರಳಿದರೆ ಯಾತ್ರೆ ಸಾರ್ಥಕ.